ಸಹಿಗೆ ಮೊದಲು ಮೆಗ್ಗರ್

ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಊಟಕ್ಕೆ ಕೂತು ಆಗಷ್ಟೇ ರೊಟ್ಟಿ ಮುರಿದಿದ್ದೆ. ಗುರುತಿನವರೇ. ಹುಬ್ಬಳ್ಳಿಯ ನವನಗರದ ಕಡೆ ಮನೆ ಕಟ್ಟಿಸುತ್ತಿದ್ದಾರೆ ಅಂತ ಗೊತ್ತಿತ್ತು.

"ಅಣ್ಣಾರ, ವೈರಿಂಗ್ ಎಲ್ಲಾ ಮುಗದೈತ್ರಿ. ಮೀಟರಿಗೆ ಅರ್ಜಿ ಕೊಡಬೇಕು. ನಿಮ್ಮದೊಂದು ಸಹಿ ಬೇಕಾಗಿತ್ತು."

"ಕೆಲಸ ಯಾರು ಮಾಡ್ಯಾರ್ರಿ?"

"ಒಬ್ಬ ಹುಡುಗ ಅದಾನ್ರಿ. ಕೈ ಛಲೋ ಐತಿ. ಲೈಸೆನ್ಸ್ ಒಂದ ಇಲ್ಲ ನೋಡ್ರಿ."

"ನಾ ಮಾಡಿಸಲಾರದ ಕೆಲಸಕ್ಕ ಸಹಿ ಮಾಡಂಗಿಲ್ರಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ರೀ, ಒಂದು ಸಹಿ ಮಾಡಾಕ ನಿಮಗೇನು ಖರ್ಚು ಬರ್ತೈತ್ರಿ? ಪುಗಸಟ್ಟೆ ಕೇಳಾಕತ್ತಿಲ್ಲ, ರೊಕ್ಕ ಕೊಡ್ತೀನಿ" ಅಂದರು. ಬೇಜಾರಾಗಿತ್ತು ಅವರಿಗೆ. ಅವರನ್ನು ಬೈಯೋಕೂ ನನಗೆ ಮನಸ್ಸು ಬರಲಿಲ್ಲ. ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಸಹಿ ಅಂದರೆ ರೊಕ್ಕ ಕೊಟ್ಟರೆ ಸಿಗುವ ಸಾಮಾನು ಅಂತ ಜನರಿಗೆ ಕಲಿಸಿದವರು ನಾವೇ. ನಾನೂ ಒಮ್ಮೆ ಮಾರಿದ್ದೇನೆ. ಐನೂರು ರೂಪಾಯಿಗೆ.

ಅದನ್ನು ಹೇಳುವ ಮೊದಲು ಈ ಕಾಗದ ಏನು ಅಂತ ಹೇಳಿಬಿಡುತ್ತೇನೆ. ಹೊಸ ಮನೆಗೆ ಕರೆಂಟ್ ಬೇಕು ಅಂದರೆ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂಗೆ ಅರ್ಜಿಯ ಜೊತೆ ವೈರಿಂಗ್ ಮುಗಿದಿದೆ, ಪರೀಕ್ಷೆ ಮಾಡಿದ್ದೇವೆ ಅಂತ ಒಂದು ವರದಿ ಕೊಡಬೇಕು. ನಾವು ಅದಕ್ಕೆ ಕಂಪ್ಲೀಷನ್ ರಿಪೋರ್ಟ್ ಅಂತೀವಿ. ಎಷ್ಟು ಲೈಟ್ ಪಾಯಿಂಟ್, ಎಷ್ಟು ಫ್ಯಾನ್, ಎಷ್ಟು ಪ್ಲಗ್, ಒಟ್ಟು ಲೋಡ್ ಎಷ್ಟು, ಇನ್ಸುಲೇಷನ್ (ವೈರಿನ ಹೊದಿಕೆ) ಎಷ್ಟು ಮೆಗಾ ಓಮ್ ಬಂತು, ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ) ಎಷ್ಟು ಓಮ್ ಬಂತು, ಎಲ್ಲ ಬರೆದು ಕೆಳಗೆ ಲೈಸೆನ್ಸ್ ನಂಬರ್ ಹಾಕಿ ಸಹಿ ಮಾಡಬೇಕು. ಅದೆಲ್ಲ ಆದ ಮೇಲೆ ಮೀಟರ್, ಬಿಲ್ಲಿನ ಮೇಲೆ ಬರುವ ಆರ್‌ಆರ್ ನಂಬರ್.

ಬಹಳ ಜನ ಇದನ್ನು ಅರ್ಜಿಗೆ ಅಂಟಿಸುವ ಇನ್ನೊಂದು ಕಾಗದ ಅಂದುಕೊಂಡಿದ್ದಾರೆ. ಆದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲಿ ಒಂದು ಮಾತಿದೆ. ಹೊಸದಾಗಿ ಕರೆಂಟ್ ಕೊಡುವಾಗ, ಅಥವಾ ಆರು ತಿಂಗಳು ನಿಂತು ಹೋದದ್ದನ್ನು ಮತ್ತೆ ಕೊಡುವಾಗ, ಸರಬರಾಜು ಮಾಡುವವರು ಒಂದೋ ತಾವೇ ವೈರಿಂಗ್ ಪರೀಕ್ಷೆ ಮಾಡಬೇಕು, ಇಲ್ಲ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಮಾಡಿಕೊಟ್ಟ ಪರೀಕ್ಷೆಯ ಫಲಿತಾಂಶವನ್ನು ಒಪ್ಪಿಕೊಳ್ಳಬಹುದು. ಆ "ಇಲ್ಲ" ಅನ್ನೋ ಪದ ಇದೆಯಲ್ಲ, ನಮ್ಮ ಕಸುಬಿನ ಭಾರ ಎಲ್ಲ ಅದರ ಮೇಲೇ ಕೂತಿದೆ. ಅವರು ನನ್ನ ಕಾಗದ ಒಪ್ಪಿಕೊಂಡರು ಅಂದರೆ ಆ ಮನೆಯನ್ನು ಅಳೆದು ನೋಡಿದ ಕೊನೆಯ ಮನುಷ್ಯ ನಾನು. ನಾನು ಅಳೆಯಲಿಲ್ಲ ಅಂದರೆ ಯಾರೂ ಅಳೆದಿಲ್ಲ.

ಕೆಲಸವೂ ಅಷ್ಟೇ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ಚು ಹೋದರೆ ಅದೇ ಥರದ್ದನ್ನು ನೀವೇ ಬದಲಾಯಿಸಿಕೊಳ್ಳಬಹುದು. ಹೊಸ ಲೈನ್ ಎಳೆಯೋದು, ಇದ್ದದ್ದನ್ನು ಬದಲಿಸೋದು ಅಂದರೆ ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಿಸಬೇಕು. ಮೇಲುಸ್ತುವಾರಿಗೆ ಸರ್ಟಿಫಿಕೇಟ್ ಇರುವ ಸೂಪರ್‌ವೈಸರ್, ವೈರ್ ಮುಟ್ಟುವವನ ಹತ್ತಿರ ಪರ್ಮಿಟ್ ಇರಬೇಕು. 1956ರ ಹಳೇ ನಿಯಮದಲ್ಲೂ ಇದು ಇತ್ತು, 2023ರಲ್ಲಿ ಬಂದ ಹೊಸದರಲ್ಲೂ ಇದೆ.

ಈಗ ಐನೂರು ರೂಪಾಯಿ ಕಥೆ.

2012. ಲೈಸೆನ್ಸ್ ಬಂದು ನಾಲ್ಕು ವರ್ಷ ಆಗಿತ್ತು. ಐಟಿಐ ಮುಗಿಸಿ, ವೈರ್‌ಮನ್ ಆಗಿ, ಸೂಪರ್‌ವೈಸರ್ ಪರೀಕ್ಷೆ ಪಾಸಾಗಿ, ಆಮೇಲೆ ಸಿಕ್ಕ ಲೈಸೆನ್ಸು. ಕೆಲಸ ಕಡಿಮೆ, ಕಂತು ಜಾಸ್ತಿ. ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದೆ. ಜೊತೆಗೆ ಕಲಿತ ಒಬ್ಬ ಗೆಳೆಯ ಫಾರ್ಮ್ ಹಿಡಿದುಕೊಂಡು ಬಂದ. ನವಲಗುಂದ ಕಡೆ ಒಂದು ಹಳ್ಳಿಯಲ್ಲಿ ಮನೆ ವೈರಿಂಗ್ ಮಾಡಿದ್ದಾನೆ. "ಸಣ್ಣ ಮನಿ ದೋಸ್ತ, ಎಂಟು ಪಾಯಿಂಟು. ಒಂದು ಸಹಿ ಒತ್ತಿಬಿಡು."

ಪಾಯಿಂಟುಗಳ ಲೆಕ್ಕ ಅವನು ಹೇಳಿದ, ನಾನು ಬರೆದೆ. ಇನ್ಸುಲೇಷನ್ ಅನ್ನೋ ಕಡೆ 5 ಮೆಗಾ ಓಮ್ ಅಂತ ಬರೆದೆ. ಅರ್ಥಿಂಗ್ ಅನ್ನೋ ಕಡೆ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ 2.1 ಅಂತ ಬರೆದೆ. ಬರೀ 2 ಅಂದರೆ ಸುಳ್ಳು ಅಂತ ಗೊತ್ತಾಗುತ್ತೆ ಅನ್ನಿಸಿತು. ಪಾಯಿಂಟ್ ಒಂದು ಇದ್ದರೆ ಅಳೆದ ಹಾಗೆ ಕಾಣುತ್ತೆ ಅಲ್ವಾ. ಆ ಜಾಣತನ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಜುಲೈನಲ್ಲಿ ಗೆಳೆಯನ ಫೋನ್. ಆ ಮನೆಯಲ್ಲಿ ಆಯಿಗೆ ಶಾಕ್ ಹೊಡೆದಿದೆ. ನೀರಿನ ತೊಟ್ಟಿಯ ಹತ್ತಿರ ಅರ್ಧ ಎಚ್‌ಪಿ ಮೋಟರ್ ಇತ್ತು. ಕೊಡ ತುಂಬೋಕೆ ಹೋದವರು ಅದರ ಪೈಪ್ ಮುಟ್ಟಿದ್ದಾರೆ. ಕರೆಂಟ್ ಒಗೆದ ಹೊಡೆತಕ್ಕೆ ಕಲ್ಲಿನ ಮೇಲೆ ಬಿದ್ದು ಮುಂಗೈ ಮುರಿದಿದೆ. ಜೀವ ಉಳಿದಿದೆ. ಕರೆಂಟ್ ಅವರನ್ನು ಹಿಡಿದುಕೊಳ್ಳದೆ ಒಗೆಯಿತಲ್ಲ, ಅದೊಂದೇ ಪುಣ್ಯ.

ಮಾರನೇ ದಿನ ಬಸ್ ಹತ್ತಿ ಹೋದೆ. ಮೋಟರ್ ವೈಂಡಿಂಗ್ ಹಾಳಾಗಿ ಅದರ ಮೈಗೆಲ್ಲ ಕರೆಂಟ್ ಬರುತ್ತಿತ್ತು, ಅದು ಟೆಸ್ಟರ್ ಹಿಡಿದ ಕೂಡಲೇ ಗೊತ್ತಾಯಿತು. ಮೋಟರ್ ಅಂದಮೇಲೆ ಒಂದಿನ ಹಾಳಾಗೋದೇ. ಹಾಳಾದಾಗ ಆ ಕರೆಂಟ್ ನೆಲಕ್ಕೆ ಹೋಗಬೇಕಿತ್ತು. ಮೇನ್ ಆಫ್ ಮಾಡಿ ಹಸಿರು ವೈರಿನ ಬೆನ್ನು ಹತ್ತಿದೆ. ಪ್ಲಗ್ಗಿನಿಂದ ಬೋರ್ಡಿಗೆ ಬಂದಿದೆ, ಸರಿ. ಬೋರ್ಡಿನಿಂದ ಮೀಟರ್ ಬೋರ್ಡಿಗೆ ಬಂದಿದೆ, ಸರಿ. ಅಲ್ಲಿಂದ ಗೋಡೆ ಇಳಿದು, ಹೊರಗೆ ಬಂದು, ಎರೆ ಮಣ್ಣಿನೊಳಗೆ ಹೋಗಿದೆ. ಎಲ್ಲಿ ಅರ್ಥಿಂಗ್ ಗುಂಡಿ ಅಂತ ನೋಡೋಣ ಅಂತ ವೈರ್ ಹಿಡಿದು ಸ್ವಲ್ಪ ಎಳೆದೆ. ಕೈಗೆ ಬಂತು. ಒಂದು ಗೇಣು ವೈರ್, ತುದಿಗೆ ಹಸಿ ಮಣ್ಣು. ಪೈಪೂ ಇಲ್ಲ, ಪ್ಲೇಟೂ ಇಲ್ಲ, ಗುಂಡಿಯೇ ಇಲ್ಲ.

ಇಲ್ಲದ ಗುಂಡಿಗೆ ನಾನು 2.1 ಓಮ್ ಬರೆದುಕೊಟ್ಟಿದ್ದೆ.

ಆಯಿಯ ಮಗ ಮನೆ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದ. ಉತಾರ, ತೆರಿಗೆ ಪಾವತಿ, ಅವುಗಳ ನಡುವೆ ನನ್ನ ವರದಿಯ ಝೆರಾಕ್ಸ್. ಅದನ್ನು ತೆಗೆದು ಬೆರಳಿಟ್ಟು ಕೇಳಿದ. "ಇದು ನಿಮ್ಮ ಸಹಿ ಹೌದಲ್ರಿ? ಈ ಎರಡು ಪಾಯಿಂಟ್ ಒಂದು ಅಂದ್ರ ಏನ್ರಿ?" ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ. ಒಳಗಿಂದ ಆಯಿ, "ಮೊದ್ಲ ಚಾ ಕೊಡೋ ಅವರಿಗೆ, ಬಿಸಲಾಗ ಬಂದಾರ" ಅಂತ ಕೂಗಿದರು.

ಎರಡು ದಿನ ಅಲ್ಲೇ ನಿಂತು ನನ್ನ ಖರ್ಚಿನಲ್ಲಿ ಅರ್ಥಿಂಗ್ ಮಾಡಿಸಿದೆ, ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಆರ್‌ಸಿಸಿಬಿ ಕೂಡಿಸಿದೆ. ಮೋಟರ್ ರಿವೈಂಡಿಂಗ್ ಖರ್ಚು ಗೆಳೆಯ ಕೊಟ್ಟ. ಅವರು ದೂರು ಕೊಡಲಿಲ್ಲ. ಕರೆಂಟಿನಿಂದ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಗಾಯವಾದರೆ 48 ತಾಸಿನೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು ಅಂತ ನಿಯಮ ಇದೆ. ತಿಳಿಸಿದ್ದರೆ ಫೈಲಿನಿಂದ ಮೊದಲು ಹೊರಗೆ ಬರುತ್ತಿದ್ದದ್ದು ನನ್ನ ಕಾಗದವೇ. ನನ್ನ ಲೈಸೆನ್ಸ್ ಉಳಿದದ್ದು ಆ ಮನೆಯವರ ಒಳ್ಳೆಯತನದಿಂದ.

ವಾಪಸ್ ಬಂದು ಮಾಡಿದ ಮೊದಲ ಕೆಲಸ, ದಾಜಿಬಾನಪೇಟೆಗೆ ಹೋಗಿ ಒಂದು ಮೆಗ್ಗರ್ ತಂದದ್ದು. ನಾಲ್ಕು ವರ್ಷ ಅದಿಲ್ಲದೆ ಹೇಗೆ ಸಹಿ ಮಾಡಿದೆ ಅಂತ ಕೇಳಬೇಡಿ. ಬೇಕಾದಾಗ ಇನ್ನೊಬ್ಬರದ್ದು ಇಸಕೊಳ್ಳುತ್ತಿದ್ದೆ, ಬೇಡ ಅನ್ನಿಸಿದಾಗ ಸುಮ್ನೆ ಬರೆಯುತ್ತಿದ್ದೆ.

ಮೆಗ್ಗರ್ ಗೊತ್ತಿಲ್ಲದವರಿಗೆ: ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಗಟ್ಟಿ ಇದೆಯಾ ಅಂತ ನೋಡುವ ಪೆಟ್ಟಿಗೆ. ನಮ್ಮ ಮನೆಯ ಕರೆಂಟ್ 230 ವೋಲ್ಟ್. ಇದು 500 ವೋಲ್ಟ್ ಡಿಸಿ ಒತ್ತಡ ಹಾಕಿ ಎಲ್ಲಾದರೂ ಸೋರುತ್ತಾ ಅಂತ ನೋಡುತ್ತದೆ. ಹೊಸ ಪೈಪ್‌ಲೈನಿಗೆ ಪ್ಲಂಬರ್ ನೀರಿನ ಪ್ರೆಷರ್ ಕೊಟ್ಟು ನೋಡುತ್ತಾನಲ್ಲ, ಹಾಗೇ. ಫೇಸು, ನ್ಯೂಟ್ರಲ್ಲು ಒಂದೊಂದಕ್ಕೂ ಅರ್ಥಿಗೂ ನಡುವೆ ಹಿಡಿದು ಒಂದು ನಿಮಿಷ ನೋಡಬೇಕು. ಒಂದು ಮೆಗಾ ಓಮಿಗಿಂತ ಕಡಿಮೆ ಬಂದರೆ ಫೇಲು. ಒಳ್ಳೆ ಹೊಸ ವೈರಿಂಗ್ ಆದರೆ ಮುಳ್ಳು ಅದಕ್ಕಿಂತ ಎಷ್ಟೋ ಮೇಲೆ ಹೋಗಿ ನಿಲ್ಲುತ್ತದೆ. ಒಂದರ ಹತ್ತಿರ ಬಂದು ತೂಗಾಡುತ್ತಿದ್ದರೆ ಪಾಸಾದರೂ ನನಗೆ ನಿದ್ದೆ ಬರಲ್ಲ.

ನಮ್ಮ ಹುಡುಗರಿಗೆ ಆ ಒಂದು ನಿಮಿಷವೇ ಬೇಸರ. ಐದು ಸೆಕೆಂಡಿಗೆ ಮುಳ್ಳು ಏರಿತು ಅಂದರೆ "ಆತು ಬಿಡ್ರಿ" ಅನ್ನುತ್ತಾರೆ. ಪೂರ್ತಿ ನಿಮಿಷ ಹಿಡಿದರೆ ಏರಿದ ಮುಳ್ಳು ನಿಧಾನಕ್ಕೆ ಇಳಿಯೋದನ್ನೂ ನೋಡಿದ್ದೇನೆ. ಥಂಡಿ ಹಿಡಿದ ಗೋಡೆಯಲ್ಲಿ ಹಾಗಾಗುತ್ತದೆ.

ಹೋದ ಮಾರ್ಚಿನಲ್ಲಿ ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆ. ಮಾಲೀಕರು ರಿಟೈರ್ ಆದ ಮಾಸ್ತರು. ಶುಕ್ರವಾರ ಗೃಹಪ್ರವೇಶ, ಸೋಮವಾರ ನಾನು ಕೊನೆಯ ಪರೀಕ್ಷೆಗೆ ಹೋದೆ. ವೈರಿಂಗ್ ನಮ್ಮದೇ. ಪ್ಲಾಸ್ಟರಿಗೆ ಮೊದಲೇ ಒಮ್ಮೆ ಅಳೆದಿದ್ದೆ, ಎಲ್ಲ ಚೆನ್ನಾಗಿತ್ತು. ಹಾಗಾಗಿ ಅರ್ಧ ತಾಸಿನ ಕೆಲಸ ಅಂದುಕೊಂಡಿದ್ದೆ. ಹಾಲ್ ಸರಿ, ಬೆಡ್‌ರೂಮ್ ಸರಿ. ಅಡುಗೆಮನೆ ಸರ್ಕ್ಯೂಟ್ 0.2 ಮೆಗಾ ಓಮ್.

ಮತ್ತೊಮ್ಮೆ ನೋಡಿದೆ. 0.2. ಎಲ್ಲಾ ಪ್ಲಗ್ ಬಿಚ್ಚಿಸಿದೆ. 0.2. ಮಾಸ್ತರು ಪಕ್ಕದಲ್ಲೇ ನಿಂತಿದ್ದರು. "ಏನರೆ ತೊಂದರೆ ಐತೇನಪಾ?" "ಸ್ವಲ್ಪ ನೋಡಬೇಕ್ರಿ ಸರ್." ಡಿಬಿಯಿಂದ, ಅಂದರೆ ಎಲ್ಲ ಸರ್ಕ್ಯೂಟು ಹೊರಡುವ ಬೋರ್ಡಿನಿಂದ, ಒಂದೊಂದೇ ತುಂಡು ಬೇರೆ ಮಾಡುತ್ತಾ ಬಂದೆವು. ಮಿಕ್ಸರ್ ಪಾಯಿಂಟಿನಿಂದ ಫ್ರಿಡ್ಜ್ ಪಾಯಿಂಟಿಗೆ ಹೋಗುವ ತುಂಡಿನಲ್ಲಿ ಸೋರಿಕೆ. ಆ ಗೋಡೆಯ ಮೇಲೆ ಎರಡು ದಿನದ ಹಿಂದೆ ಬಡಗಿಗಳು ಸ್ಟೀಲ್ ರ್ಯಾಕಿನ ಪಟ್ಟಿ ಹೊಡೆದು ಹೋಗಿದ್ದರು. ಪಟ್ಟಿಯ ಮೂರನೇ ಸ್ಕ್ರೂ ಬಿಚ್ಚಿದೆ. ತುದಿಯಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಸಣ್ಣ ಚೂರು, ಅಕ್ಕಿಕಾಳಿನಷ್ಟು. ಪೈಪನ್ನು ತೂರಿ ಫೇಸ್ ವೈರಿನ ತಾಮ್ರ ಮುಟ್ಟಿತ್ತು. ಸ್ಕ್ರೂ ತೆಗೆದು ಮತ್ತೆ ಮೆಗ್ಗರ್ ಹಿಡಿದರೆ ಮುಳ್ಳು ಮೇಲೆ ಹೋಯಿತು.

ಇದರ ಲೆಕ್ಕ ನೋಡಿ. 230 ವೋಲ್ಟನ್ನು 0.2 ಮೆಗಾ ಓಮಿನಿಂದ ಭಾಗಿಸಿದರೆ ಹೆಚ್ಚುಕಡಿಮೆ ಒಂದು ಮಿಲಿ ಆಂಪ್. ಹಸಿ ಗೋಡೆಯ ಮೂಲಕ ಅಷ್ಟೇ ಸೋರುತ್ತಿತ್ತು. ಲೋಡ್ ಜಾಸ್ತಿಯಾದರೆ ಬೀಳುವ ಎಮ್‌ಸಿಬಿ ಇದಕ್ಕೆ ಬೀಳಲ್ಲ. 30 ಮಿಲಿ ಆಂಪಿನ ಆರ್‌ಸಿಸಿಬಿಯೂ ಬೀಳಲ್ಲ. ಮೀಟರ್ ಬಂದು, ದೀಪ ಎಲ್ಲ ಉರಿದು, ಮನೆಯವರೆಲ್ಲ ಖುಷಿಯಾಗಿ ಇರುತ್ತಿದ್ದರು. ಗೋಡೆಯ ಮೇಲಿನ ಸ್ಟೀಲ್ ಪಟ್ಟಿಯಲ್ಲಿ ಮಾತ್ರ 230 ವೋಲ್ಟ್ ಕಾಯುತ್ತಾ ಕೂತಿರುತ್ತಿತ್ತು. ಒದ್ದೆ ಕೈಯಲ್ಲಿ ತಟ್ಟೆ ಇಡೋಕೆ ಹೋದವರೇ ಅದನ್ನು ಪತ್ತೆ ಮಾಡಬೇಕಿತ್ತು. ಇಂಥದ್ದನ್ನು ಮೊದಲೇ ಹೇಳೋದು ಮೆಗ್ಗರ್ ಒಂದೇ. ಅಂದಿನಿಂದ ಒಂದು ರೂಢಿ: ಬಡಗಿ, ಪಿಒಪಿಯವರು, ಎಸಿ ಕೂಡಿಸುವವರು, ಎಲ್ಲರೂ ಸಾಮಾನು ಕಟ್ಟಿಕೊಂಡು ಹೋದ ಮೇಲೇ ನನ್ನ ಕೊನೆಯ ಅಳತೆ.

ಮಾಸ್ತರು ಆ ಸ್ಕ್ರೂ ಇಸಕೊಂಡು ಜೇಬಿಗೆ ಹಾಕಿಕೊಂಡರು. ಬಡಗಿಗೆ ತೋರಿಸಬೇಕಂತೆ.

ಅರ್ಥಿಂಗ್ ವಿಷಯ ಬರೆದರೆ ನನ್ನ ಹೆಂಡತಿ ನಗುತ್ತಾಳೆ. ಮಾತಿಗೆ ಕೂತರೆ ನಾನು ಅಲ್ಲಿಗೇ ಬರುತ್ತೇನಂತೆ. ಪೈಪ್ ಅರ್ಥಿಂಗ್ ಅಂದರೆ 40 ಮಿಲಿಮೀಟರಿನ ಜಿಐ ಪೈಪ್, ಎರಡೂವರೆ ಮೀಟರ್ ಉದ್ದ. ಅಂದರೆ ಎಂಟು ಅಡಿಗಿಂತ ಸ್ವಲ್ಪ ಜಾಸ್ತಿ. ಸುತ್ತಲೂ ಇದ್ದಿಲು, ಉಪ್ಪು, ಮೇಲೆ ನೀರು ಹಾಕೋಕೆ ಜಾಗ. ಹೇಳೋಕೆ ಸುಲಭ. ನಾಲ್ಕು ಅಡಿ ಅಗೆಯುವಷ್ಟರಲ್ಲಿ ಗಟ್ಟಿ ಗರಸು ಬರುತ್ತದೆ, ಅಗೆಯುವವನು ಹಾರೆ ಒಗೆದು ಕೂರುತ್ತಾನೆ. ಆಗ ಪೈಪನ್ನೇ ಅರ್ಧಕ್ಕೆ ಕತ್ತರಿಸಿ ಹೂಳುತ್ತಾರೆ. ಮೇಲೆ ಸಿಮೆಂಟ್ ಮುಚ್ಚಳ ಬಂದ ಮೇಲೆ ಯಾರಿಗೆ ಗೊತ್ತಾಗಬೇಕು? ಅದಕ್ಕೇ ಪೈಪ್ ಇಳಿಸುವಾಗ ನಾನು ಅಥವಾ ನಮ್ಮ ಸೂಪರ್‌ವೈಸರ್ ಅಲ್ಲಿ ಇರಲೇಬೇಕು ಅಂತ ಮಾಡಿದ್ದೇನೆ. ಟೇಪ್ ಹಿಡಿದು ಫೋಟೋ ತೆಗೆದಿಡುತ್ತೇವೆ.

ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆ ಮಣ್ಣಿನ ಆಟವೇ ಬೇರೆ. ಮಳೆಗಾಲದಲ್ಲಿ ಅಳೆದರೆ ಎಲ್ಲಾ ಅರ್ಥಿಂಗೂ ಪಾಸು, ಮಣ್ಣು ಅಷ್ಟು ಹಸಿ ಇರುತ್ತದೆ. ಅದೇ ಮಣ್ಣು ಏಪ್ರಿಲ್, ಮೇನಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಪೈಪಿನ ಪಕ್ಕದಿಂದ ಮಣ್ಣು ಸರಿದು ನಿಲ್ಲುತ್ತದೆ. ಜುಲೈನಲ್ಲಿ ಬಂದ ಅಂಕಿ ನೋಡಿ ಸಹಿ ಮಾಡಿದ ಮನೆಗೆ ಬೇಸಿಗೆಯಲ್ಲಿ ಹೋಗಿ ಅಳೆದರೆ ಅದೇ ಗುಂಡಿ ಅನ್ನಿಸಲ್ಲ. ಆ ಕಡೆ ಕೆಲಸ ಇದ್ದರೆ ಎರಡು ಗುಂಡಿ ಮಾಡಿ ಒಂದಕ್ಕೊಂದು ಸೇರಿಸಿ ಅನ್ನುತ್ತೇನೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ ಅಂತಲೂ ಹೇಳುತ್ತೇನೆ. ಹಾಕುವವರು ಕಡಿಮೆ.

ಊರೊಳಗಿನ ತೊಂದರೆ ಇನ್ನೊಂದು ಥರ. ಅರ್ಥ್ ಟೆಸ್ಟರಿಗೆ ಗುಂಡಿಯಿಂದ ದೂರದಲ್ಲಿ ಎರಡು ಕಬ್ಬಿಣದ ಗೂಟ ಹೊಡೆಯಬೇಕು. ಹಳೇ ಹುಬ್ಬಳ್ಳಿ ಓಣಿಯಲ್ಲಿ ಎಲ್ಲಿ ಹೊಡೀತೀರಿ? ಎಲ್ಲ ಕಾಂಕ್ರೀಟು. ಒಮ್ಮೆ ಪಕ್ಕದ ಮನೆಯವರ ತುಳಸಿಕಟ್ಟೆ ಬುಡದಲ್ಲಿ ಗೂಟ ಹೊಡೆಯೋಕೆ ಹೋಗಿ ಬೈಸಿಕೊಂಡಿದ್ದೇನೆ. ಆಮೇಲೆ ಅವರೇ ದಾಸವಾಳದ ಗಿಡದ ಹತ್ತಿರ ಜಾಗ ತೋರಿಸಿದರು.

ಇನ್ನೊಂದು. "ಎಮ್‌ಸಿಬಿ ಐತಲ್ರೀ, ಶಾಕ್ ಹೊಡಿಯಂಗಿಲ್ಲ" ಅಂತ ಓದಿದವರೂ ಹೇಳುತ್ತಾರೆ. ಎಮ್‌ಸಿಬಿ ಇರೋದು ವೈರ್ ಕಾಯೋಕೆ. ಗೀಸರಿನ ಮೈಗೆ ಫೇಸ್ ತಾಗಿತು ಅನ್ನಿ. ಅರ್ಥಿಂಗ್ ದಾರಿಯಲ್ಲಿ ಎಲ್ಲ ಸೇರಿ 10 ಓಮ್ ಇದೆ ಅಂತ ಇಟ್ಟುಕೊಳ್ಳಿ. 230ನ್ನು 10ರಿಂದ ಭಾಗಿಸಿದರೆ 23 ಆಂಪ್. 16 ಆಂಪಿನ ಎಮ್‌ಸಿಬಿ ಅಷ್ಟಕ್ಕೆ ಟಪ್ ಅಂತ ಬೀಳಲ್ಲ. ಬಿಸಿಯಾಗಿ ಬೀಳೋಕೆ ಒಂದು ತಾಸಿನವರೆಗೂ ಹಿಡಿಯಬಹುದು. ಕ್ಷಣದಲ್ಲಿ ಬೀಳಬೇಕು ಅಂದರೆ, ಸಿ ಮಾದರಿಯದ್ದಾದರೆ, 80ರಿಂದ 160 ಆಂಪ್ ಬೇಕು. ಅಷ್ಟು ಹೊತ್ತು ಗೀಸರ್ ಬಾಡಿ, ನಲ್ಲಿ, ಅದರ ನೀರು, ಎಲ್ಲದರಲ್ಲೂ ಕರೆಂಟು. 30 ಮಿಲಿ ಆಂಪಿನ ಆರ್‌ಸಿಸಿಬಿ ಆದರೆ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಮೊದಲೇ ಬೀಳುತ್ತದೆ. ಅದಕ್ಕೂ ಅರ್ಥಿಂಗಿಗೂ ಜಗಳ ಇಲ್ಲ, ಎರಡೂ ಬೇಕು. ಅದರ ಮೇಲೆ ಟಿ ಅಂತ ಸಣ್ಣ ಬಟನ್ ಇರುತ್ತದೆ. ನಿಮ್ಮ ಮನೆಯಲ್ಲಿ ಅದನ್ನು ಕೊನೆಯ ಸಲ ಒತ್ತಿದ್ದು ಯಾವಾಗ? ಓದೋದು ನಿಲ್ಲಿಸಿ ಹೋಗಿ ಒತ್ತಿ ಬನ್ನಿ, ನಾನು ಇಲ್ಲೇ ಇರುತ್ತೇನೆ. ಬೀಳಲಿಲ್ಲ ಅಂದರೆ ಬದಲಾಯಿಸಿ.

ಉಳಿದದ್ದು ಸಣ್ಣಪುಟ್ಟದ್ದು. ಸ್ವಿಚ್ಚು ಫೇಸಿನಲ್ಲೇ ಇದೆಯಾ, ನ್ಯೂಟ್ರಲಿನಲ್ಲಿ ಹಾಕಿಲ್ಲ ತಾನೇ ಅಂತ ನೋಡುತ್ತೇನೆ. ತ್ರೀ ಪಿನ್ ಪ್ಲಗ್ಗಿನಲ್ಲಿ ಎದುರಿಗೆ ನಿಂತು ನೋಡಿದರೆ ಫೇಸು ಬಲಕ್ಕೆ, ನ್ಯೂಟ್ರಲ್ಲು ಎಡಕ್ಕೆ, ಮೇಲೆ ಅರ್ಥ್. ಮೆಗ್ಗರನ್ನೂ ಆಗಾಗ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ ಕ್ಯಾಲಿಬ್ರೇಷನ್ ಮಾಡಿಸಬೇಕು, ಅದೂ ನಿಯಮದಲ್ಲೇ ಇದೆ. ಎಲ್ಲ ಅಂಕಿಗಳನ್ನೂ ನಾನೇ ಒಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇನೆ, ತಾರೀಖು ಹಾಕಿ, ಆ ದಿನ ಮಳೆ ಇತ್ತಾ ಬಿಸಿಲಿತ್ತಾ ಅಂತಲೂ ಸೇರಿಸಿ.

ಇದೆಲ್ಲ ಮಾಡಿದರೆ ಒಂದು ಮನೆಗೆ ಅರ್ಧ ದಿನ ಹೋಗುತ್ತದೆ. ನನ್ನ ರೇಟು ಸ್ವಲ್ಪ ಜಾಸ್ತಿ ಅಂತ ಊರಲ್ಲಿ ಮಾತಿದೆ. ಒಪ್ಪಿಕೊಳ್ಳುತ್ತೇನೆ. ಕೆಲಸ ಕೈತಪ್ಪಿದ್ದೂ ಇದೆ. ನವನಗರದವರದ್ದೂ ಹಾಗೇ ತಪ್ಪಿತು. ಬೇರೆ ಯಾರದೋ ಸಹಿ ಸಿಕ್ಕಿರಬೇಕು, ಮೂರು ವಾರದೊಳಗೆ ಆ ಮನೆಗೆ ಮೀಟರ್ ಬಂತು ಅಂತ ಗೊತ್ತಾಯಿತು.

ನಿನ್ನೆ ಸಂಜೆ ಮತ್ತೆ ಅವರದೇ ಫೋನ್.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಆ ಆರ್‌ಸಿಸಿಬಿ ಸುಮ್ ಸುಮ್ನ ಬೀಳಾಕತ್ತೈತ್ರಿ. ಹುಡುಗ ಅದನ್ನ ಬೈಪಾಸ್ ಮಾಡೂಣು ಅಂತಾನ. ಮನ್ಯಾಗ ಸಣ್ಣ ಮಕ್ಕಳದಾರ, ನನಗ್ಯಾಕೋ ಧೈರ್ಯ ಆಗವಲ್ದು."

"ಅದು ಸುಮ್ ಸುಮ್ನ ಬೀಳಂಗಿಲ್ರಿ. ಬೈಪಾಸ್ ಮಾಡಸಬ್ಯಾಡ್ರಿ. ಬಿದ್ದದ್ದು ಬಿದ್ದಂಗ ಇರ್ಲಿ."

"ಒಮ್ಮೆ ಬಂದು ನೋಡ್ತೀರೇನ್ರಿ?"

ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತೀನಿ ಅಂದಿದ್ದೇನೆ. ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿರಬಹುದು, ಇಲ್ಲ ಎರಡು ಸರ್ಕ್ಯೂಟಿನ ನ್ಯೂಟ್ರಲ್ ಕಲಸಿರಬಹುದು. ಗೋಡೆಯಲ್ಲಿ ಸ್ಕ್ರೂ ಕೂಡ ಇರಬಹುದು. ಮೆಗ್ಗರಿನ ಸೆಲ್ ಹೊಸದು ಹಾಕಿ ಗಾಡಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.